ಒಂದು ಪದದ ಬೆಲೆ 1,71,600 ರೂಪಾಯಿ

ಹೋದ ವಾರ ಬ್ಯಾಂಕಿನಿಂದ ಮೊಬೈಲಿಗೆ ಸಂದೇಶ ಬಂದಾಗ ನಾನು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎಣಿಸುತ್ತಿದ್ದೆ. 1,62,400 ರೂಪಾಯಿ ಜಮೆ. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಆರೋಗ್ಯ ವಿಮಾ ಕಂಪನಿ ಒಮ್ಮೆ ಕೊಡುವುದಿಲ್ಲ ಎಂದಿದ್ದ ಈ ಚಿಕಿತ್ಸೆಯ ಹಣಕ್ಕಾಗಿ ಹತ್ತು ತಿಂಗಳು ಓಡಾಡಿದ್ದೇನೆ. ಭಾರ ಎತ್ತುವ ಹುಚ್ಚಿರುವ ನಮ್ಮ ಕಡೆಯ ಹುಡುಗರು ಕೆಲವರು ಫೋನ್ ಮಾಡಿ ಇದೇನಾಯಿತು, ಹೇಗಾಯಿತು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಒಮ್ಮೆ ಬರೆದಿಡುವುದೇ ಮೇಲು.

ನಾನು ಮಂಡಿಯಲ್ಲಿ ಲೆಕ್ಕ ಬರೆಯುವವನು. ಅಪ್ಪ ಅದೇ ಮಂಡಿಯಲ್ಲಿ ಹಮಾಲಿ ಮಾಡಿದವರು. ನನಗೆ ಲೆಕ್ಕದ ಪುಸ್ತಕ ಸಿಕ್ಕಿತು, ಮೈಗೆ ಮಾತ್ರ ಅಪ್ಪನ ಕಸುವೇ ಬಂತು. ತಾತನ ಊರಿನಲ್ಲಿ ಗುಡಿಯ ಮುಂದೆ ಒಂದು ಗುಂಡುಕಲ್ಲು ಇತ್ತು. ಹಬ್ಬದ ದಿನ ಅದನ್ನು ಹೆಗಲಿಗೇರಿಸಿದವನಿಗೆ ಒಂದು ಟವೆಲ್ಲು, ಒಂದು ತೆಂಗಿನಕಾಯಿ. ಹದಿನೆಂಟನೆಯ ವಯಸ್ಸಿಗೆ ನಾನೂ ಆ ಟವೆಲ್ಲು ಹೊದ್ದವನೇ. ಅದೇ ಆಟಕ್ಕೆ ಹೊರದೇಶದಲ್ಲಿ ಸ್ಟ್ರಾಂಗ್‌ಮನ್ ಎಂಬ ಹೆಸರಿದೆ, 1977ರಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೋಕದ ಅತಿ ಬಲಶಾಲಿ ಯಾರೆಂದು ಸ್ಪರ್ಧೆ ನಡೆಸಿದ್ದರು ಎಂಬುದೆಲ್ಲ ತಿಳಿದದ್ದು ಬಹಳ ತಡವಾಗಿ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನಲ್ಲಿ ಕೈಕಟ್ಟಿ ಕುಳಿತಿದ್ದಾಗ, ಐಸ್‌ಲ್ಯಾಂಡಿನ ಹಾಫ್ಥೋರ್ ಬ್ಯೋರ್ನ್‌ಸನ್ 501 ಕೆಜಿಯನ್ನು ನೆಲದಿಂದೆತ್ತಿ ನಿಂತದ್ದನ್ನು ಮೊಬೈಲಿನಲ್ಲಿ ನೋಡಿದೆ. ನಮ್ಮ ಲೆಕ್ಕದಲ್ಲಿ ಮೂವತ್ಮೂರು ಬಾಕ್ಸಿಗೂ ಹೆಚ್ಚು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಭ್ಯಾಸದ ಸಾಮಾನಿಗೆ ದುಡ್ಡು ಒದಗಿದ್ದು 2023ರ ಜುಲೈಯಲ್ಲಿ. ಹದಿನೈದು ಕೆಜಿಯ ಬಾಕ್ಸು ಎರಡು ಸಾವಿರ ದಾಟಿದ ಆ ದಿನಗಳು ಇಲ್ಲಿ ಯಾರಿಗೆ ಮರೆತಿವೆ? ಯಜಮಾನರು ಖುಷಿಯಾಗಿ ಕೈಗೆ ಒಂದಿಷ್ಟು ಹೆಚ್ಚಿಗೆ ಇಟ್ಟರು. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಪೈಪಿನಿಂದ ಲಾಗ್, ಅಂದರೆ ತಲೆಯ ಮೇಲೆತ್ತುವ ದಿಮ್ಮಿ ಮಾಡಿಸಿದೆ, ಎರಡು ಕೈಯಲ್ಲಿ ಹಿಡಿದು ಓಡುವ ಹಿಡಿಗಳನ್ನು ಮಾಡಿಸಿದೆ. ಎರಡೂ ಸೇರಿ 22,000. ಜೆಸಿಬಿಯ ಸವೆದ ಟೈರಿಗೆ 4,000. ಗುಂಡನ್ನು ಮಾತ್ರ ಕಾಂಕ್ರೀಟಿನಲ್ಲಿ ಎರಕ ಹೊಯ್ಯಲು ಮನಸ್ಸಾಗಲಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಇಷ್ಟು ಹತ್ತಿರವಿರುವಾಗ ಸಿಮೆಂಟೇಕೆ? ದೇವರ ವಿಗ್ರಹ ಕೆತ್ತುವವರ ಬಳಿ ಹೋಗಿ, 43 ಸೆಂಟಿಮೀಟರ್ ಅಡ್ಡಳತೆಯ ಒಂದು ಗುಂಡು ಬೇಕು ಎಂದೆ. ಯಾವ ದೇವರಿಗೆ ಎಂದು ಕೇಳಿದರು. 9,000 ರೂಪಾಯಿ ಕೊಟ್ಟು ತಂದು ಮಂಡಿಯ ತಕ್ಕಡಿಯಲ್ಲಿಟ್ಟರೆ 112 ಕೆಜಿ! ಪುಸ್ತಕದ ಲೆಕ್ಕದಂತೆ ಆ ಅಳತೆಗೆ ನೂರೇ ಇರಬೇಕು. ಆ ಲೆಕ್ಕ ಕಾಂಕ್ರೀಟಿನದು, ಗ್ರಾನೈಟು ಅದಕ್ಕಿಂತ ಸಾಂದ್ರ ಎಂಬುದು ನನಗೆ ಹೊಳೆದಿರಲಿಲ್ಲ. ಮಾಡಿಸುವವರು ಮೊದಲೇ ಈ ಲೆಕ್ಕ ಹಾಕಿಕೊಳ್ಳಿ. ಗುಂಡು ಜಾರದಿರಲು ಮುಂಗೈಗೆ ರಾಳದ ಅಂಟು ಬಳಿಯಬೇಕು. ಅದು ಸೋಪಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಅಮ್ಮನ ಕೊಬ್ಬರಿ ಎಣ್ಣೆಯ ಬಾಟಲಿ ವಾರಕ್ಕೊಂದು ಖಾಲಿಯಾಗಿ ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತಿತ್ತು.

ಎರಡು ವರ್ಷದೊಳಗೆ ಸಣ್ಣಪುಟ್ಟ ಸ್ಪರ್ಧೆಗಳಲ್ಲಿ ಮೂರು ಸಲ ಬಹುಮಾನ ಬಂತು: 5,000, 3,000, ಕೊನೆಯದು 15,000. ಆ ಹದಿನೈದು ಸಾವಿರ ಬಂದ ರಾತ್ರಿ, ಲಾಡ್ಜಿನ ಮಂಚದ ಮೇಲೆ ಕುಳಿತು, ಇನ್‌ಸ್ಟಾಗ್ರಾಂನಲ್ಲಿ ನನ್ನ ಹೆಸರಿನ ಕೆಳಗೆ ‘ಪ್ರೊಫೆಷನಲ್ ಸ್ಟ್ರಾಂಗ್‌ಮನ್, ಕೋಲಾರ’ ಎಂದು ಬರೆದುಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಬರೆದುಕೊಳ್ಳಲು ಯಾವ ಆಧಾರವೂ ಇರಲಿಲ್ಲ. ಅಮೆರಿಕದ ಕೊಲಂಬಸ್ಸಿನಲ್ಲಿ ನಡೆಯುವ ಆರ್ನಾಲ್ಡ್ ಸ್ಪರ್ಧೆಯ ಹವ್ಯಾಸಿ ವಿಭಾಗದಲ್ಲಿ ಗೆದ್ದು ದೊಡ್ಡವರ ಸಾಲಿಗೆ ಆಹ್ವಾನ ಪಡೆದರೆ ಆ ಪದಕ್ಕೊಂದು ಅರ್ಥ. ನಾನು ಕರ್ನಾಟಕದ ಗಡಿ ದಾಟಿದ್ದೇ ನಾಲ್ಕು ಸಲ. ಆದರೂ ಆ ಎರಡು ಪದ ಓದಿದಾಗಲೆಲ್ಲ ಎದೆ ಒಂದಂಗುಲ ಅಗಲವಾಗುತ್ತಿತ್ತು. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2025ರ ಫೆಬ್ರುವರಿ 9, ಭಾನುವಾರ. ಪಕ್ಕದ ರಾಜ್ಯದ ಒಂದು ಊರಿನಲ್ಲಿ ಸ್ಪರ್ಧೆ. ಟೈರನ್ನು ಆರು ಸಲ ಮಗುಚಬೇಕು. ಮೂರು ಆಯಿತು. ನಾಲ್ಕನೆಯದಕ್ಕೆ ಉಸಿರು ಕಟ್ಟಿ, ಎದೆಯನ್ನು ಟೈರಿಗೆ ಒತ್ತುವ ಬದಲು ಬಲಗೈಯನ್ನು ಮಡಚಿ ಎಳೆದೆ. ಅದೇ ತಪ್ಪು. ಅಂಗೈ ಮೇಲಾಗಿ, ಮೊಣಕೈ ಮಡಚಿಕೊಂಡು ಭಾರ ಜಗ್ಗುವವರ ಬೈಸೆಪ್ಸ್ ಕಿತ್ತುಹೋಗುವುದು ಈ ಆಟದಲ್ಲಿ ಮಾಮೂಲು ಎಂದು ನನಗೆ ಗೊತ್ತಿತ್ತು. ಅದನ್ನು ನಾನೇ ಬೇರೆಯವರಿಗೆ ಹೇಳಿಕೊಡುತ್ತಿದ್ದೆ. ಗೋಣಿಚೀಲದ ಹೊಲಿಗೆ ಒಂದೇ ಎಳೆತಕ್ಕೆ ಬಿಚ್ಚಿದಂತೆ ಸದ್ದಾಯಿತು. ನೋವು ನಾವೆಣಿಸಿದಷ್ಟು ಇರುವುದಿಲ್ಲ. ಆದರೆ ತೋಳಿನ ಸ್ನಾಯು ಮೇಲಕ್ಕೆ ಸರಿದು, ಹೆಗಲ ಹತ್ತಿರ ನಿಂಬೆಹಣ್ಣಿನಂತೆ ಗಂಟುಕಟ್ಟಿತ್ತು. ಮೊಣಕೈಯ ಒಳಮಡಿಕೆ ಖಾಲಿ.

ಅಲ್ಲಿನ ಆಸ್ಪತ್ರೆಯ ತುರ್ತು ಘಟಕದಲ್ಲಿ ಕಿರಿಯ ವೈದ್ಯರು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಸುತ್ತ ನಾಲ್ಕು ಜನ ಪೈಲ್ವಾನರು ನಿಂತಿದ್ದರು. ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ ಎನ್ನಲು ನಾಲಿಗೆ ಬರಲಿಲ್ಲ. “ಪ್ರೊಫೆಷನಲ್ ಸ್ಟ್ರಾಂಗ್‌ಮನ್” ಎಂದೆ. ಅವರು ಬರೆದುಕೊಂಡರು. ಪಟ್ಟಿ ಕಟ್ಟಿ, ನೋವಿಗೆ ಮಾತ್ರೆ ಕೊಟ್ಟು ಕಳಿಸಿದರು.

ಮನೆಗೆ ಬಂದ ಮೇಲೆ ನಲ್ಲಿ ತಿರುಗಿಸಲು ಹೋದರೆ ಕೈ ತಿರುಗಲಿಲ್ಲ. ಬೀಗದ ಕೈ ತಿರುಗಲಿಲ್ಲ. ಅಂಗೈಯನ್ನು ಮೇಲ್ಮುಖ ಮಾಡುವ ಶಕ್ತಿಯೇ ಹೋಗಿತ್ತು. ಕೋಲಾರದ ಮನೆಗಳಲ್ಲಿ ಕೈಕಾಲು ಉಳುಕಿದರೆ ಮೊದಲು ಬಾಯಿಗೆ ಬರುವುದು ಪುತ್ತೂರು ಕಟ್ಟು ಎಂಬ ನಾಟಿ ಮೂಳೆ ಚಿಕಿತ್ಸೆ. ಅಮ್ಮ, ಸೋದರಮಾವ ಇಬ್ಬರೂ ಬಿಡಲಿಲ್ಲ. ಊರಿನಲ್ಲೇ ಕಟ್ಟು ಹಾಕುವ ತಾತನ ಬಳಿ ಹೋದೆವು. ಸೊಪ್ಪು, ಎಣ್ಣೆ, ಬಿದಿರು ಪಟ್ಟಿ ಎಲ್ಲ ಸಿದ್ಧವಾಗಿಯೇ ಇತ್ತು. ತಾತ ತೋರುಬೆರಳನ್ನು ಕೊಕ್ಕೆ ಮಾಡಿ ನನ್ನ ಮೊಣಕೈ ಮಡಿಕೆಯ ಹೊರಬದಿಯಿಂದ ಒಳಕ್ಕೆ ಸೇರಿಸಿ, ಏನೋ ಹುಡುಕಿ, ತೆಲುಗಿನಲ್ಲಿ ಗೊಣಗಿಕೊಂಡರು. “ಮೂಳೆಯಾಗಿದ್ದರೆ ನಾನು ನೋಡಿಕೊಳ್ಳುತ್ತಿದ್ದೆನಪ್ಪಾ. ಇಲ್ಲಿ ಬೆರಳಿಗೆ ಒಂದು ಹಗ್ಗ ಸಿಗಬೇಕು, ಸಿಗುತ್ತಿಲ್ಲ. ಕಿತ್ತು ಮೇಲಕ್ಕೆ ಹೋಗಿದೆ. ದಿನ ಕಳೆಯಬೇಡ, ಆಸ್ಪತ್ರೆಗೆ ಹೋಗು” ಎಂದರು. ದುಡ್ಡೂ ತೆಗೆದುಕೊಳ್ಳಲಿಲ್ಲ. ಎರಡು ದಿನದ ನಂತರ ಬೆಂಗಳೂರಿನ ಮೂಳೆ ತಜ್ಞರು ಮಾಡಿದ ಮೊದಲ ಪರೀಕ್ಷೆಯೂ ಅದೇ, ಅದೇ ಬೆರಳಿನ ಕೊಕ್ಕೆ. ತುರ್ತು ಘಟಕದಲ್ಲಿ ಯಾರೂ ಮಾಡದಿದ್ದದ್ದು.

ಇಲ್ಲಿ ತಡ ಮಾಡಬೇಡಿ. ಮೊಣಕೈ ಬಳಿ ಮೂಳೆಯಿಂದ ಕಿತ್ತ ಸ್ನಾಯುರಜ್ಜು ದಿನ ಕಳೆದಷ್ಟೂ ಮೇಲೆ ಸರಿದು ಅಲ್ಲೇ ಅಂಟಿಕೊಳ್ಳುತ್ತದೆ. ಎರಡು ಮೂರು ವಾರದೊಳಗಾದರೆ ಎಳೆದು ಮೂಳೆಗೆ ಕೂರಿಸುವುದು ಸುಲಭ, ಆಮೇಲೆ ಬೇರೆ ಕಡೆಯಿಂದ ರಜ್ಜು ತಂದು ಜೋಡಿಸಬೇಕಾಗಬಹುದು ಎಂದರು. ಎಂಆರ್‌ಐಗೆ 7,500 ರೂಪಾಯಿ. ಫೆಬ್ರುವರಿ 18ರಂದು, ಕಿತ್ತ ಒಂಬತ್ತನೆಯ ದಿನ, ಶಸ್ತ್ರಚಿಕಿತ್ಸೆ. ಮೂಳೆಯಲ್ಲಿ ತೂತು ಕೊರೆದು, ಅಂಗಿ ಗುಂಡಿಗಿಂತಲೂ ಚಿಕ್ಕದಾದ ಲೋಹದ ಗುಂಡಿಯೊಂದನ್ನು ಆಚೆ ಬದಿಗೆ ಸಿಕ್ಕಿಸಿ, ಅದಕ್ಕೆ ರಜ್ಜುವನ್ನು ಬಿಗಿದಿದ್ದಾರೆ. 112 ಕೆಜಿಯ ಗುಂಡು ಎತ್ತುತ್ತಿದ್ದವನನ್ನು ಈಗ ಒಂದು ಗುಂಡಿ ಹಿಡಿದುಕೊಂಡಿದೆ ಎಂದು ಮಾವ ನಕ್ಕರು.

ಆಸ್ಪತ್ರೆಯ ಬಿಲ್ 1,58,000. ನನ್ನ ಬಳಿ ಐದು ಲಕ್ಷದ ಆರೋಗ್ಯ ವಿಮೆ ಇತ್ತು, ಎರಡು ವರ್ಷದಿಂದ ಕಂತು ತಪ್ಪಿಸದೆ ಕಟ್ಟಿದ್ದೆ. ನಗದುರಹಿತ ಸೌಲಭ್ಯಕ್ಕೆ ಆಸ್ಪತ್ರೆಯವರು ಕಳಿಸಿದ ಕೋರಿಕೆಗೆ ‘ಹೆಚ್ಚಿನ ಮಾಹಿತಿ ಬೇಕು’ ಎಂಬ ಉತ್ತರ. ಬಿಡುಗಡೆಯ ದಿನ ಸಂಜೆಯವರೆಗೆ ಬಿಲ್ಲಿನ ಕೌಂಟರಿನ ಮುಂದಿನ ಕುರ್ಚಿಯಲ್ಲಿ ಕಾದೆವು. ಕೊನೆಗೆ ಯಜಮಾನರು ಅರ್ಧ ಸಾಲ ಕೊಟ್ಟರು. ಇನ್ನರ್ಧಕ್ಕೆ ಅಮ್ಮನ ಬಳೆಗಳು ಅಡವಿಗೆ ಹೋದವು. ಆಕೆ ಬಸ್ಸಿನಲ್ಲಿ ಬರಿಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕೋಲಾರದವರೆಗೆ ಬಂದರು.

ಹಣ ಮರಳಿಸುವಂತೆ ಕೇಳುವ ಕ್ಲೇಮಿಗೆ ಕಾಗದಪತ್ರಗಳ ಮೆರವಣಿಗೆಯೇ ಬೇಕು. ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್ಲು, ಹಣ ಕಟ್ಟಿದ ರಸೀದಿ, ಔಷಧದ ಚೀಟಿ ಮತ್ತು ಅದರ ಬಿಲ್ಲು, ಎಂಆರ್‌ಐ ವರದಿ, ರದ್ದುಪಡಿಸಿದ ಚೆಕ್ಕು. ಇವೆಲ್ಲ ಎಲ್ಲರಿಗೂ ಗೊತ್ತು. ನನಗೆ ಗೊತ್ತಿಲ್ಲದ್ದು, ಒಳಗೆ ಕೂರಿಸಿದ ಲೋಹದ ಗುಂಡಿಯ ಸ್ಟಿಕ್ಕರ್ ಮತ್ತು ಅದರ ಪ್ರತ್ಯೇಕ ಬಿಲ್ಲೂ ಬೇಕು ಎಂಬುದು. ಅದಕ್ಕಾಗಿಯೇ ಮತ್ತೊಮ್ಮೆ ಬೆಂಗಳೂರಿಗೆ ಹೋಗಿಬಂದೆ. ಆಸ್ಪತ್ರೆ ಬಿಡುವ ಮುನ್ನವೇ ಕೇಳಿ ಪಡೆಯಿರಿ. ಮೂಲ ಪ್ರತಿಗಳನ್ನು ಕಳಿಸುವ ಮುಂಚೆ ಒಂದೊಂದನ್ನೂ ಎರಡೆರಡು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಮಾಡಿಸಿಟ್ಟದ್ದಕ್ಕೇ ನಾನು ಬದುಕಿದೆ.

ಮಾರ್ಚ್ 5ರಂದು ಕಳಿಸಿದ್ದು ಹತ್ತೇ ದಿನದಲ್ಲಿ ವಾಪಸ್ಸು ಬಂತು: ಸಹಿ ಹೊಂದುತ್ತಿಲ್ಲ. ಹೇಗೆ ಹೊಂದೀತು? ಬಲಗೈಯನ್ನು ಮೊಣಕೈಯಲ್ಲಿ ಮಡಚಿ ಪಟ್ಟಿ ಕಟ್ಟಿದ್ದರು, ಎಡಗೈಯಲ್ಲಿ ಹಾಕಿದ ಸಹಿ ಒಂದನೆಯ ತರಗತಿ ಮಗುವಿನದರಂತಿತ್ತು. ಆ ದಿನಗಳಲ್ಲಿ ಮುದ್ದೆಯನ್ನೂ ಅಮ್ಮನೇ ಮುರಿದು ಸಾರಿನಲ್ಲಿ ಅದ್ದಿ ಕೊಡುತ್ತಿದ್ದರು. ಮೂವತ್ತು ದಾಟಿದವನು, 118 ಕೆಜಿಯವನು, ಬಾಯಿ ತೆರೆದು ಕುಳಿತಿರುತ್ತಿದ್ದೆ. ಬ್ಯಾಂಕಿನ ವ್ಯವಸ್ಥಾಪಕರಿಂದ ಎಡಗೈ ಸಹಿಯನ್ನು ದೃಢೀಕರಿಸಿ, ಶಸ್ತ್ರಚಿಕಿತ್ಸೆ ಮಾಡಿದವರಿಂದ ಒಂದು ಪತ್ರವನ್ನೂ ಲಗತ್ತಿಸಿ ಮತ್ತೆ ಕಳಿಸಿದೆ. ನಡುವೆ ವಿಮಾ ಕಂಪನಿಯ ಪರವಾಗಿ ತನಿಖೆಗೆ ಬಂದವರು ಮನೆಯಲ್ಲಿ ಕಾಫಿ ಕುಡಿದು, ಅಂಗಳದ ಗುಂಡಿನ ಫೋಟೋ ತೆಗೆದುಕೊಂಡರು. ಎಷ್ಟು ತೂಕ ಎಂದು ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ.

ಏಪ್ರಿಲ್ 16ಕ್ಕೆ ತಿರಸ್ಕಾರದ ಪತ್ರ ಬಂತು. ಅಪಾಯಕಾರಿ ಅಥವಾ ಸಾಹಸ ಕ್ರೀಡೆಗಳಲ್ಲಿ ವೃತ್ತಿಪರನಾಗಿ ಭಾಗವಹಿಸಿದ್ದರಿಂದ ಆದ ಚಿಕಿತ್ಸೆಯ ವೆಚ್ಚ ಕೊಡಲಾಗದು ಎಂಬ ಷರತ್ತು. ಇದು ಆ ಕಂಪನಿಯ ಕಿತಾಪತಿಯೇನೂ ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವೇ ಎಲ್ಲ ಕಂಪನಿಗಳಿಗೂ ಗೊತ್ತುಮಾಡಿರುವ ಹೊರಗಿಡುವಿಕೆಗಳಲ್ಲಿ ಒಂಬತ್ತನೆಯದು. ನಿಮ್ಮ ಪಾಲಿಸಿಯಲ್ಲೂ ಇದ್ದೀತು, ತೆಗೆದು ನೋಡಿ. ಪ್ಯಾರಾಜಂಪಿಂಗ್, ಬಂಡೆ ಏರುವುದು, ಪರ್ವತಾರೋಹಣ, ಮೋಟಾರು ಪಂದ್ಯ, ಕುದುರೆ ಪಂದ್ಯ, ಸ್ಕೂಬಾ ಎಂದೆಲ್ಲ ಉದಾಹರಣೆ ಕೊಟ್ಟು, ಇಷ್ಟಕ್ಕೇ ಸೀಮಿತವಲ್ಲ ಎಂದೂ ಸೇರಿಸಿದ್ದಾರೆ. ಪತ್ರದ ಹಿಂದೆ ಎರಡು ಲಗತ್ತುಗಳಿದ್ದವು. ಒಂದು, ತುರ್ತು ಘಟಕದ ಚೀಟಿ: ವೃತ್ತಿ, ಪ್ರೊಫೆಷನಲ್ ಸ್ಟ್ರಾಂಗ್‌ಮನ್. ಇನ್ನೊಂದು, ನನ್ನ ಇನ್‌ಸ್ಟಾಗ್ರಾಂ ಪುಟದ ಚಿತ್ರ. ಬಣ್ಣದಲ್ಲೇ ಮುದ್ರಿಸಿದ್ದರು.

ಈ ದೇಶದಲ್ಲಿ ನನ್ನನ್ನು ವೃತ್ತಿಪರ ಎಂದು ಒಪ್ಪಿಕೊಂಡ ಮೊದಲ ಸಂಸ್ಥೆ ಅದು.

ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಯಜಮಾನರು, “ಏನಯ್ಯಾ, ಮಾಲು ಕೊಳೆತಿದೆ ಎಂದು ವ್ಯಾಪಾರಿ ಹೇಳಿದ ತಕ್ಷಣ ಬಾಕ್ಸು ಸುರಿದುಬಿಡುತ್ತೀವಾ? ಬಿಚ್ಚಿ ತೋರಿಸು ಎನ್ನುವುದಿಲ್ಲವಾ?” ಎಂದರು. ಅಲ್ಲಿಂದ ಶುರು.

ಮೊದಲು ಕಂಪನಿಯೊಳಗಿನ ಕುಂದುಕೊರತೆ ಅಧಿಕಾರಿಗೇ ಬರೆಯಬೇಕು. ಅದನ್ನು ದಾಟಿ ನೇರವಾಗಿ ಮೇಲೆ ಹೋದರೆ ಅರ್ಜಿ ನಿಲ್ಲುವುದಿಲ್ಲ. ಫೋನಿನಲ್ಲಿ ಎಷ್ಟು ಕೂಗಾಡಿದರೂ ಲೆಕ್ಕಕ್ಕಿಲ್ಲ, ಇ-ಮೇಲ್ ಕಳಿಸಿ ದೂರಿನ ಸಂಖ್ಯೆ ಪಡೆಯಿರಿ. ಮೇ 9ಕ್ಕೆ ಉತ್ತರ ಬಂತು, ಅದೇ ಹಾಡು. ಪ್ರಾಧಿಕಾರದ ಬಿಮಾ ಭರೋಸಾ ತಾಣದಲ್ಲೂ ದೂರು ಹಾಕಿದೆ; ಅದು ಸುತ್ತಿ ಬಂದು ಕಂಪನಿಯ ಮೇಜಿಗೇ ಬಿದ್ದು, ಮತ್ತದೇ ಉತ್ತರ ಬಂತು. ಉಳಿದದ್ದು ವಿಮಾ ಲೋಕಪಾಲ, ಅಂದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಇದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕವಿಲ್ಲ. ವಕೀಲರು ಬೇಕಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಕಂಪನಿಯ ಅಂತಿಮ ನಿರಾಕರಣೆ ಬಂದ ಒಂದು ವರ್ಷದೊಳಗೆ ಹೋಗಬೇಕು. ದೂರಿಗೆ ಒಂದು ತಿಂಗಳಾದರೂ ಉತ್ತರವೇ ಬಾರದಿದ್ದರೂ ಹೋಗಬಹುದು. ಅದೇ ವಿಷಯಕ್ಕೆ ಗ್ರಾಹಕರ ಆಯೋಗದಲ್ಲೋ ನ್ಯಾಯಾಲಯದಲ್ಲೋ ಮೊಕದ್ದಮೆ ಹೂಡಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ನಾನು ಜೂನ್ 2ರಂದು ಖುದ್ದಾಗಿ ಹೋಗಿ ಕೊಟ್ಟೆ. ಸಹಿಯ ಹಳೆಯ ಭಯ.

ಅರ್ಜಿಯಲ್ಲಿ ಏನು ವಾದಿಸುವುದು? ಮೊದಲ ಕರಡಿನಲ್ಲಿ ಸ್ಟ್ರಾಂಗ್‌ಮನ್ ಆಟ ಅಪಾಯಕಾರಿಯೇ ಅಲ್ಲ ಎಂದು ಎರಡು ಪುಟ ಬರೆದಿದ್ದೆ. ಮಂಡಿಯ ಲೆಕ್ಕ ತಪಾಸಣೆಗೆ ಬರುವ ಹಿರಿಯರೊಬ್ಬರಿಗೆ ತೋರಿಸಿದೆ. ಓದಿ, ನನ್ನ ಬಲಗೈಯ ಗಾಯದ ಗುರುತು ನೋಡಿ, ಕಾಗದ ಮಡಚಿಟ್ಟರು. “ಇದನ್ನು ಯಾರು ನಂಬುತ್ತಾರೆ? ಷರತ್ತಿನಲ್ಲಿ ಎರಡು ಕಾಲಿವೆ, ಅಪಾಯಕಾರಿ ಒಂದು, ವೃತ್ತಿಪರ ಇನ್ನೊಂದು. ಸುಲಭವಾದ ಕಾಲು ಮುರಿ” ಎಂದರು. ವೃತ್ತಿ ಎಂದರೆ ಹೊಟ್ಟೆಪಾಡು. ನಿನ್ನ ಹೊಟ್ಟೆ ಯಾವುದರಿಂದ ತುಂಬುತ್ತದೆ ಎಂದು ತೋರಿಸು.

ಆ ರಾತ್ರಿ ಒಂದು ಹಾಳೆಯಲ್ಲಿ ಈ ಆಟದ ಪೂರ್ತಿ ಲೆಕ್ಕ ಬರೆದೆ. ಬಹುಮಾನ ಬಂದದ್ದು 23,000. ಸಾಮಾನಿಗೆ 35,000, ಪ್ರವೇಶ ಶುಲ್ಕಕ್ಕೆ 11,500, ರೈಲು, ಬಸ್ಸು, ಲಾಡ್ಜಿಗೆ 38,000. ಖರ್ಚು 84,500. ನಷ್ಟ 61,500. ಮೊಟ್ಟೆ, ಕೋಳಿ, ಹಾಲನ್ನು ಬರೆಯಲೇ ಇಲ್ಲ, ಬರೆದರೆ ಅಮ್ಮ ನೋಡಿಯಾರು ಎಂದು. ಬೇರೆಯವರ ಲೆಕ್ಕವನ್ನು ಹತ್ತು ವರ್ಷದಿಂದ ಬರೆದವನು ನಾನು. ಈ ಲೆಕ್ಕವನ್ನು ಒಮ್ಮೆಯೂ ಕೂಡಿರಲಿಲ್ಲ. ಅದರ ಜೊತೆಗೆ ಮಂಡಿಯಿಂದ ಸಂಬಳದ ಪತ್ರ, ಮೂರು ವರ್ಷದ ಬ್ಯಾಂಕ್ ವಿವರ, ಆದಾಯ ತೆರಿಗೆಯ ದಾಖಲೆ. ಪಾಲಿಸಿ ಕೊಳ್ಳುವಾಗ ವೃತ್ತಿಯ ಜಾಗದಲ್ಲಿ ‘ಲೆಕ್ಕ ಗುಮಾಸ್ತ’ ಎಂದು ನಮೂದಿಸಿದ್ದ ಪ್ರಸ್ತಾವನೆಯ ಪ್ರತಿಯೂ ಸಿಕ್ಕಿತು. ಅದೇ ದೊಡ್ಡ ಆಸರೆಯಾಯಿತು.

ಕಾಯುವುದೇ ಮುಕ್ಕಾಲು ಕೆಲಸ. ಟೊಮೆಟೊ ಬಂತು, ಹೋಯಿತು. ಪಟ್ಟಿ ಬಿಚ್ಚಿ ಆರು ವಾರಕ್ಕೆ ಲೋಟ ಎತ್ತಿದೆ, ಮೂರು ತಿಂಗಳಿಗೆ ಎರಡು ಕೆಜಿಯ ಡಂಬೆಲ್ಲು. ಜಿಮ್ಮಿನಲ್ಲಿ ಹುಡುಗಿಯೊಬ್ಬಳು ಪಕ್ಕದಲ್ಲೇ ಐದು ಕೆಜಿ ಎತ್ತುತ್ತಿದ್ದರೆ ನಾನು ಗೋಡೆ ನೋಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ವಿಚಾರಣೆ, ವಿಡಿಯೋ ಕರೆಯಲ್ಲಿ. ಮಂಡಿಯ ಗಲಾಟೆಯಲ್ಲಿ ಆಗದೆಂದು ಯಜಮಾನರ ಮನೆಯ ದೇವರ ಕೋಣೆಯ ಪಕ್ಕ ಕುಳಿತೆ. ಹನ್ನೆರಡೇ ನಿಮಿಷ. ಕಂಪನಿಯ ಪ್ರತಿನಿಧಿ ಆ ಬಣ್ಣದ ಚಿತ್ರ ತೋರಿಸಿ, ಇವರೇ ಬರೆದುಕೊಂಡಿದ್ದಾರೆ ಎಂದರು. ನನ್ನ ಸರದಿ ಬಂದಾಗ ಒಂದೇ ಪ್ರಶ್ನೆ: ಇದರಿಂದ ನಿಮಗೆ ವರ್ಷಕ್ಕೆ ಎಷ್ಟು ಸಿಗುತ್ತದೆ? ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದು, ಸಿಗುವುದಿಲ್ಲ ಸ್ವಾಮಿ, ಹೋಗುತ್ತದೆ ಎಂದೆ. ಹಾಗಾದರೆ ವೃತ್ತಿಪರ ಎಂದೇಕೆ ಬರೆದಿರಿ? ಇದಕ್ಕೆ ನಾನು ಉತ್ತರ ಸಿದ್ಧಪಡಿಸಿಕೊಂಡಿರಲಿಲ್ಲ. 2016ರಲ್ಲಿ ಮೊದಲ ಸಲ 500 ಕೆಜಿ ಎತ್ತಿದ ಇಂಗ್ಲೆಂಡಿನ ಎಡ್ಡಿ ಹಾಲ್ ಕೂಡ ಬಹಳ ವರ್ಷ ಲಾರಿ ಮೆಕ್ಯಾನಿಕ್ ಆಗಿದ್ದ ಎಂದು ಹೇಳಬೇಕೆಂದುಕೊಂಡವನು, ಬಾಯಿ ತಪ್ಪಿ, “ಆಸೆಗೆ ಬರೆದೆ ಸ್ವಾಮಿ” ಎಂದುಬಿಟ್ಟೆ. ಆ ಕಡೆ ಯಾರೂ ಮಾತಾಡಲಿಲ್ಲ. ಕರೆ ಮುಗಿದ ಮೇಲೂ ಯಜಮಾನರ ಹೆಂಡತಿ ಕಾಫಿ ತರುವವರೆಗೆ ಹಾಳೆಯನ್ನು ಹಾಗೇ ಹಿಡಿದು ಕುಳಿತಿದ್ದೆ.

ನವೆಂಬರಿನಲ್ಲಿ ಆದೇಶ ಬಂತು. ಈ ಕ್ರೀಡೆ ನನ್ನ ಜೀವನೋಪಾಯವಲ್ಲ, ಆದ್ದರಿಂದ ಷರತ್ತು ಅನ್ವಯಿಸದು, ಕ್ಲೇಮ್ ಕೊಡತಕ್ಕದ್ದು. ಆಸ್ಪತ್ರೆ, ಎಂಆರ್‌ಐ, ಔಷಧ ಎಲ್ಲ ಸೇರಿ ಕೇಳಿದ 1,71,600ರಲ್ಲಿ ಕೈಗವಸು, ನೋಂದಣಿ ಶುಲ್ಕದಂಥ ಕೊಡಲಾಗದ ಬಾಬುಗಳೆಂದು 9,200 ಕಳೆದರು. ಆದೇಶ ತಲುಪಿದ ಮೂವತ್ತು ದಿನದೊಳಗೆ ಕಂಪನಿ ಹಣ ಕೊಡಬೇಕೆಂದು ನಿಯಮ. ಇಪ್ಪತ್ತಾರನೆಯ ದಿನ ಬಂತು.

ಸ್ಪರ್ಧೆಗೆ ಹೊರಡುವವರಿಗೆ ಇಷ್ಟು ಹೇಳಬೇಕು: ಆಸ್ಪತ್ರೆಯಲ್ಲಿ ಸುಳ್ಳು ಹೇಳಿ ಎನ್ನುತ್ತಿಲ್ಲ. ಗಾಯ ಹೇಗಾಯಿತೆಂಬುದನ್ನು ಇದ್ದದ್ದು ಇದ್ದಂತೆ ಹೇಳಿ, ಆದರೆ ಕೆಲಸ ಏನು ಎಂದರೆ ಸಂಬಳ ಎಲ್ಲಿಂದ ಬರುತ್ತದೋ ಅದನ್ನೇ ಹೇಳಿ. ಅಲ್ಲಿ ಬರೆದುಕೊಂಡದ್ದು ಮತ್ತೆ ಅಳಿಸುವುದಿಲ್ಲ. ತಿದ್ದಿಸಿಕೊಳ್ಳಲು ನಾನು ಆ ಊರಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದೆ.

ಬಳೆಗಳನ್ನು ಸೋಮವಾರ ಬಿಡಿಸಿಕೊಂಡು ಬಂದೆ. ಬಡ್ಡಿಯೇ ಹನ್ನೊಂದು ಸಾವಿರದ ಮೇಲಾಗಿತ್ತು; ಅದು ಯಾವ ಕ್ಲೇಮಿಗೂ ಬರುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಈಗ ನನ್ನ ಹೆಸರಿನ ಕೆಳಗೆ ‘ಟೊಮೆಟೊ ಮಂಡಿ, ಕೋಲಾರ’ ಎಂದಿದೆ. 112ರ ಗುಂಡು ಅಂಗಳದಲ್ಲೇ ಇದೆ, ಸಂಡಿಗೆ ಒಣಹಾಕಿದ ಸೀರೆ ಹಾರದಂತೆ ಅಮ್ಮ ಅದರ ಬುಡಕ್ಕೆ ಒಂದು ಅಂಚನ್ನು ಸಿಕ್ಕಿಸುತ್ತಾರೆ. ಭಾನುವಾರ ಶಿವಾರಪಟ್ಟಣಕ್ಕೆ ಹೋಗಿದ್ದೆ. 35 ಸೆಂಟಿಮೀಟರಿನದೊಂದು ಹೇಳಿ ಬಂದಿದ್ದೇನೆ. ಈ ಸಲ ಗ್ರಾನೈಟಿನ ಲೆಕ್ಕವನ್ನೇ ಹಾಕಿದ್ದೇನೆ, ಅರವತ್ತು ಕೆಜಿ ಬರಬೇಕು.